ಚರ್ಚಿನ ಹಿತ್ತಲಿನ ನೀಲಿ ಬ್ಯಾರಲ್

ನಾನು ಒಂದು ನೀಲಿ ಬ್ಯಾರಲ್. ನನ್ನನ್ನು ಊದಿ ಮಾಡಿದರು. ನೀಲಿ ಕಾಳುಗಳನ್ನು ಕರಗಿಸಿ, ಮೆತ್ತಗಿನ ಕೊಳವೆಯಾಗಿಸಿ, ಕಬ್ಬಿಣದ ಅಚ್ಚಿನ ನಡುವೆ ಇಳಿಬಿಟ್ಟು ಒಳಕ್ಕೆ ಗಾಳಿ ಹೊಡೆದರು. ನಾನು ಉಬ್ಬಿ ಅಚ್ಚಿನ ಗೋಡೆಗೆ ತಾಗಿದೆ. ನಾನು ಎಷ್ಟು ಅಗಲ, ಎಷ್ಟು ಎತ್ತರ ಎಂಬುದು ಅಲ್ಲಿಗೆ ತೀರ್ಮಾನವಾಯಿತು. ದೇವರು ಮಣ್ಣಿನ ಮನುಷ್ಯನ ಮೂಗಿನಲ್ಲಿ ಶ್ವಾಸ ಊದಿದ ಎಂದು ಮುಂದೊಂದು ದಿನ ಚರ್ಚಿನ ಕಿಟಕಿಯಿಂದ ಕೇಳಿಬಂದಾಗ, ಅದರಲ್ಲಿ ಇಷ್ಟೊಂದು ಬೆರಗು ಪಡುವುದಕ್ಕೆ ಏನಿದೆ ಎಂದು ನನಗೆ ಅನಿಸಿತು.

ನನ್ನ ತಲೆ ಮುಚ್ಚಿದ್ದು. ಅದರ ಮೇಲೆ ಎರಡು ಸಣ್ಣ ಬಾಯಿಗಳು, ಅವಕ್ಕೆ ತಿರುಪಿನ ಮುಚ್ಚಳ. ಯಾರ ಕೈಯೂ ನನ್ನೊಳಗೆ ಇಳಿಯುವುದಿಲ್ಲ. ನನ್ನ ತಳವನ್ನು ಇವತ್ತಿನವರೆಗೆ ಯಾರೂ ನೋಡಿಲ್ಲ.

ಮೊದಲ ಸಲ ನನ್ನನ್ನು ತುಂಬಿದ್ದು ಕೀಟನಾಶಕದಿಂದ. ಕಂದು ಬಣ್ಣದ, ಭಾರವಾದ ದ್ರವ. ತುಂಬುವವರು ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದರು. ಹಳಬನೊಬ್ಬ ಹೊಸಬನಿಗೆ ಅದರ ಗುಣ ವಿವರಿಸುತ್ತಿದ್ದ: ಇದನ್ನು ಎಲೆಯ ಮೇಲೆ ಹೊಡೆಯಬೇಕಾಗಿಲ್ಲ, ಬೇರು ಕುಡಿದರೆ ಸಾಕು, ಗಿಡದ ರಸವೆಲ್ಲ ವಿಷವಾಗುತ್ತದೆ, ಕಡಿದ ಹುಳ ಅಲ್ಲೇ ಉದುರುತ್ತದೆ. ನಂತರ ನನ್ನ ಹೊಟ್ಟೆಯ ಮೇಲೆ ತಲೆಬುರುಡೆಯ ಚಿತ್ರವಿದ್ದ ಚೀಟಿ ಅಂಟಿಸಿದರು. ನನ್ನ ಬಗ್ಗೆ ಇದ್ದ ಒಂದೇ ಒಂದು ನಿಜವಾದ ಮಾತು ಆ ಚೀಟಿ.

ದೂರದ ಒಂದು ಶೆಡ್ಡಿನಲ್ಲಿ ಆ ದ್ರವವನ್ನು ಪಂಪಿನಿಂದ ಎಳೆದು ಸಣ್ಣ ಬಾಟಲಿಗಳಿಗೆ ತುಂಬಿದರು. ಪಂಪಿನ ಪೈಪು ನನ್ನ ತಳ ಮುಟ್ಟಲಿಲ್ಲ. ಉಳಿದದ್ದು ಒಳಗೇ ಉಳಿಯಿತು. ನನ್ನನ್ನು ಶೆಡ್ಡಿನ ಹಿಂದೆ ಬಿಸಿಲಿಗೆ ಬಿಟ್ಟರು. ಬೇಸಗೆ ಕಳೆಯುವ ಹೊತ್ತಿಗೆ ಅದು ಹಳೆಯ ಬೆಲ್ಲದ ಹಾಗೆ ಗಟ್ಟಿಯಾಗಿ ತಳಕ್ಕೆ ಕಚ್ಚಿಕೊಂಡಿತು. ಆಮೇಲೆ ನನ್ನನ್ನು ಲಾರಿಗೆ ಹಾಕಿ ಬೆಟಗೇರಿಯ ಗುಜರಿ ಅಂಗಡಿಯ ಶೇಖಪ್ಪನಿಗೆ ಮಾರಿದರು.

ಶೇಖಪ್ಪ ನನ್ನ ಚೀಟಿಯನ್ನು ಸೀಮೆಎಣ್ಣೆ ಹಚ್ಚಿ ಕುಡುಗೋಲಿನಿಂದ ಕೆರೆದು ತೆಗೆದ. ಕೆಟ್ಟವನೇನಲ್ಲ, ಚೀಟಿ ಇರುವ ಬ್ಯಾರಲ್ ಬೇಗ ಹೋಗುವುದಿಲ್ಲ, ಅಷ್ಟೆ. ಈ ಊರಿನಲ್ಲಿ ನಳಕ್ಕೆ ನೀರು ಬರುವುದು ಎರಡು ವಾರಕ್ಕೋ ಮೂರು ವಾರಕ್ಕೋ ಒಮ್ಮೆ. ಬಂದ ದಿನ ಜನ ಮದುವೆ ಬಿಟ್ಟು ಮನೆಗೆ ಓಡುತ್ತಾರೆ. ಮಾಳಿಗೆಯ ಮೇಲೆ, ಬಚ್ಚಲಿನಲ್ಲಿ, ಮಂಚದ ಪಕ್ಕದಲ್ಲಿ, ಎಲ್ಲಿ ನೋಡಿದರೂ ಬ್ಯಾರಲ್. ಹೆಣ್ಣು ಕೊಡುವವರು ಮೊದಲು ಬ್ಯಾರಲ್ ನೋಡಿ ಆಮೇಲೆ ವರನನ್ನು ನೋಡುತ್ತಾರೆಂದು ಶೇಖಪ್ಪನೇ ಗಿರಾಕಿಗಳ ಮುಂದೆ ನಗುತ್ತಿದ್ದ. ಇಂಥ ಊರಿನಲ್ಲಿ ಬ್ಯಾರಲ್ಲಿನ ಹಿಂದಿನ ಜನ್ಮವನ್ನು ಯಾರೂ ಕೆದಕುವುದಿಲ್ಲ. ಸೋರುತ್ತದೆಯೋ ಇಲ್ಲವೋ ಎಂದು ಮಾತ್ರ ನೋಡುತ್ತಾರೆ.

ನಾನು ಸೋರುತ್ತಿರಲಿಲ್ಲ.

ನನ್ನನ್ನು ಒಯ್ಯಲು ಇಬ್ಬರು ಬಂದರು. ಒಬ್ಬರು ಚರ್ಚಿನ ಹೊಸ ಸಭಾಪಾಲಕರು, ಸುಜ್ಞಾನ ಕೋಳೂರ. ವಯಸ್ಸು ಚಿಕ್ಕದು, ಚಪ್ಪಲಿ ದೊಡ್ಡದು, ನಡೆದರೆ ಪಟಪಟ ಸದ್ದು. ಸಭೆಯವರು ಅವರನ್ನು ಅಯ್ನೋರು ಎಂದು ಕರೆಯುತ್ತಿದ್ದರು. ಇನ್ನೊಬ್ಬಳು ರೂತವ್ವ. ಊರಿನ ಗಟಾರ ಬಳಿದು ನಿವೃತ್ತಳಾದವಳು. ಆ ಕೆಲಸ ಅವಳ ಮೂಗಿನಿಂದ ವಾಸನೆಯನ್ನು ಕಿತ್ತುಕೊಂಡಿತ್ತು; ಮಲ್ಲಿಗೆಯೂ ಒಂದೇ, ಹೊಲಸೂ ಒಂದೇ. ಈಗ ಚರ್ಚಿನ ಕಸ ಗುಡಿಸಿ, ಅದೇ ಕಂಪೌಂಡಿನ ಒಂದು ಕೋಣೆಯಲ್ಲಿ ಒಬ್ಬಳೇ ಇದ್ದಳು.

ಅಯ್ನೋರು ಊರಿಗೆ ಬಂದ ಹೊಸತರಲ್ಲೇ ಸೃಷ್ಟಿಯ ಪಾಲನೆಯೂ ಆರಾಧನೆಯೇ ಎಂದು ಪ್ರಸಂಗ ಮಾಡಿದ್ದರಂತೆ. ಪ್ರತಿ ಭಾನುವಾರ ಮನೆಯ ಪ್ಲಾಸ್ಟಿಕ್ ತೊಳೆದು ತನ್ನಿ, ಹಿತ್ತಲಿನಲ್ಲಿ ವಿಂಗಡಿಸೋಣ, ಅದರಲ್ಲೇ ಒಂದು ಹಸಿರುಮನೆ ಕಟ್ಟೋಣ ಎಂದಿದ್ದರಂತೆ. ಕಾಣಿಕೆ ಚೀಲ ಸಾಲದೆ ಈಗ ಕಸದ ಚೀಲವೂ ತಿರುಗುತ್ತದೆಯೋ ಎಂದು ಹಿಂದಿನ ಬೆಂಚಿನವರು ನಕ್ಕರು. ಮೊದಲ ಕೆಲವು ವಾರ ಚೀಲ ತಂದವಳು ರೂತವ್ವ ಒಬ್ಬಳೇ. ಆಮೇಲೆ ಒಬ್ಬೊಬ್ಬರಾಗಿ ಬಂದರು. ಕಸ ವಿಂಗಡಿಸಿ ಮೂಟೆ ಕಟ್ಟಿದ್ದೂ ಅವಳೇ. ಆ ಮೂಟೆಗಳನ್ನು ಶೇಖಪ್ಪನಿಗೆ ಕೊಟ್ಟು ಬದಲಿಗೆ ನನ್ನನ್ನು ತೆಗೆದುಕೊಂಡರು.

"ಏನಿತ್ತೋ ಇದರಾಗ?" ಎಂದು ರೂತವ್ವ ಕೇಳಿದಳು.

"ಸಾಬಾನ ಮಾಡೋ ಎಣ್ಣಿ ಇತ್ತ ಯಕ್ಕಾ. ತೊಳದ ಇಟ್ಟೇನಿ," ಎಂದ ಶೇಖಪ್ಪ. ಅವನು ತೊಳೆದಿದ್ದು ಹೊರಗಡೆ.

ಅವಳು ನನ್ನ ಬಾಯಿಗೆ ಮೂಗು ಹಿಡಿದಳು, ಅಭ್ಯಾಸಕ್ಕೆ. ಅಯ್ನೋರೂ ಬಗ್ಗಿ ಮೂಸಿದರು. ಫಿನೈಲಿನ ಹಾಗಿದೆ, ಕ್ರಿಮಿ ಇರಲಿಕ್ಕಿಲ್ಲ ಎಂದರು. ಇಬ್ಬರೂ ನನ್ನೊಳಗೆ ನಾಲ್ಕು ಕೊಡ ನೀರು ಸುರಿದು ಕುಲುಕಿ ಚೆಲ್ಲಿದರು. ಮೇಲಿನ ಧೂಳು ಹೋಯಿತು. ತಳದ ಪದರ ಮಿಸುಕಲಿಲ್ಲ.

ಚರ್ಚಿನ ಹಿತ್ತಲಿನಲ್ಲಿ ಹಸಿರುಮನೆ ಎದ್ದಿತ್ತು. ನೀರಿನ ಬಾಟಲಿಗಳ ತಳ ಕತ್ತರಿಸಿ, ಒಂದರೊಳಗೊಂದು ತೂರಿಸಿ, ಕಂಬಿಗೆ ಪೋಣಿಸಿ ಗೋಡೆ ಮಾಡಿದ್ದರು. ಮೇಲೆ ಬಿಳಿ ಪ್ಲಾಸ್ಟಿಕ್ ಹಾಳೆ. ಬಿಸಿಲು ಬಿದ್ದಾಗ ಒಳಗಡೆ ಹಸಿರು ಬೆಳಕು ತುಂಬುತ್ತಿತ್ತು. ನನ್ನನ್ನು ಕಲ್ಲಿನ ಕಟ್ಟೆಯ ಮೇಲೆ ನಿಲ್ಲಿಸಿ, ಹೊಟ್ಟೆಯ ಕೆಳಭಾಗಕ್ಕೆ ತೂತು ಕೊರೆದು, ತಿರುಗಿಸಿದರೆ ನೀರು ಬಿಡುವ ಒಂದು ತೋಟಿ ಕೂರಿಸಿದರು. ಅಲ್ಲಿಂದ ಸಣ್ಣ ಪೈಪುಗಳು ಪಾತಿಗಳಿಗೆ ಹೋದವು. ಹನಿ ಹನಿಯಾಗಿ ನೀರು ಇಳಿಯಿತು. ನೀರಿನ ಜೊತೆಗೆ ತಳದ ಪದರವೂ ಸ್ವಲ್ಪ ಸ್ವಲ್ಪ ಕರಗಿ ಇಳಿಯಿತು.

ಈಗ ರೂತವ್ವನಿಗೆ ಏನು ಬೇಕಾಗಿತ್ತು ಎಂಬುದನ್ನು ಹೇಳಬೇಕು. ಚರ್ಚಿನಲ್ಲಿ ಎಲ್ಲರೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ, ಒಂದೇ ಬಟ್ಟಲಿನಿಂದ ದ್ರಾಕ್ಷಾರಸ ಕುಡಿಯುತ್ತಾರೆ. ಆದರೆ ಹಬ್ಬದ ಪ್ರೀತಿಭೋಜನದ ಅಡಿಗೆಮನೆ ಬೇರೆ. ಅದರ ಯಜಮಾನಿ ಸ್ತ್ರೀ ಸಂಘದ ಅಧ್ಯಕ್ಷೆ ಸುಗುಣಾಬಾಯಿ ಟೀಚರು, ಮಿಷನ್ ಕಾಲದ ಹಳೆಯ ಮನೆತನದವರು. ಪ್ರತಿ ಹಬ್ಬಕ್ಕೂ ರೂತವ್ವನಿಗೆ ಪಾತ್ರೆ ತಿಕ್ಕುವ ಕೆಲಸ ಬರುತ್ತಿತ್ತು. ಈರುಳ್ಳಿ ಹೆಚ್ಚಲು ಕೂತರೆ ಯಾರಾದರೂ ನಗುನಗುತ್ತಲೇ ಈಳಿಗೆಮಣೆ ಎಳೆದುಕೊಳ್ಳುತ್ತಿದ್ದರು. ನಿನಗೆ ವಯಸ್ಸಾಯಿತು, ನಿನ್ನ ಸೊಂಟ ನೋವು ಎನ್ನುತ್ತಿದ್ದರು. ಬಾಗಿ ಹಂಡೆ ತಿಕ್ಕುವುದಕ್ಕೆ ಆ ಸೊಂಟ ಅಡ್ಡಿಯಾಗುತ್ತಿರಲಿಲ್ಲ. ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಅವಳ ಅಪ್ಪ, ಅಜ್ಜ ಏನು ಕೆಲಸ ಮಾಡಿದ್ದರೆಂದು ಎಲ್ಲರಿಗೂ ಗೊತ್ತಿತ್ತು.

ತೋಟದ ಹೊಣೆ ಹೊರುತ್ತೀರಾ, ಅದಕ್ಕೆ ಏನು ಕೊಡೋಣ ಎಂದು ಅಯ್ನೋರು ನನ್ನ ಕಟ್ಟೆಯ ಪಕ್ಕ ನಿಂತು ಕೇಳಿದರು.

"ಏನೂ ಬ್ಯಾಡ್ರಿ ಅಯ್ನೋರ. ಸುಗ್ಗಿ ಹಬ್ಬಕ್ಕ ನಾ ಬೆಳದದ್ದು, ನಾನ ಹೆಚ್ಚಿ, ನನ್ನ ಕೈಲೆ ಬಡಸ್ತೀನಿ. ಅದನ್ನ ಇವರು ಉಣ್ಣಬೇಕು. ಅಷ್ಟ."

ಅಯ್ನೋರಿಗೆ ಅರ್ಥವಾಯಿತು. ಆಗಲಿ ಎಂದರು. ಚರ್ಚಿನ ಸಮಿತಿಯಲ್ಲಿ ಅದಕ್ಕಾಗಿ ಜಗಳವಾಡಿದರು ಕೂಡ. ಕೊನೆಗೆ ಸುಗುಣಾಬಾಯಿ ಟೀಚರು, ಪಚಡಿ ಒಂದು ಅವಳು ಮಾಡಲಿ, ಒಲೆಯ ಮೇಲಿನದು ನಮಗಿರಲಿ ಎಂದು ಒಪ್ಪಿದರು.

ರೂತವ್ವ ಸವತಿಕಾಯಿ, ಮೆಂತೆ, ಕೊತ್ತಂಬರಿ, ಟೊಮೆಟೊ ಹಾಕಿದಳು. ಅವು ಬೆಳೆದ ರೀತಿಯೇ ಒಂದು ಸುದ್ದಿಯಾಯಿತು. ಎಲೆಗೆ ಒಂದು ತೂತಿಲ್ಲ, ಕಾಯಿಗೆ ಒಂದು ಚುಕ್ಕೆಯಿಲ್ಲ. ಆರಾಧನೆ ಮುಗಿದ ಮೇಲೆ ಜನ ಗುಂಪಾಗಿ ಹಿತ್ತಲಿಗೆ ಬರತೊಡಗಿದರು. ಪಾತಿಯ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಸುಗುಣಾಬಾಯಿ ಟೀಚರು ಸವತಿಯ ಎಲೆಯನ್ನು ಮೇಲೆ ಕೆಳಗೆ ತಿರುಗಿಸಿ ನೋಡಿ, ನಮ್ಮ ಮನೆಯ ಗಿಡವನ್ನೆಲ್ಲ ಹುಳ ತಿಂದು ಜಾಳಿಗೆ ಮಾಡಿದೆ, ಇದು ದೇವರ ಕೃಪೆಯೇ ಸರಿ ಎಂದರು. ಅಯ್ನೋರು ಮುಂದಿನ ಭಾನುವಾರ ಅದನ್ನೇ ಪ್ರಸಂಗಕ್ಕೆ ಎತ್ತಿಕೊಂಡರು.

ನನ್ನ ತೋಟಿಯ ಕೆಳಗಿನ ಒದ್ದೆ ಮಣ್ಣಿನಲ್ಲಿ ಇರುವೆಗಳು ಸಾಲಾಗಿ ಬಂದು ಸಾಲಾಗಿಯೇ ಸತ್ತವು. ಒಂದು ಪಿಕಳಾರ ಹಕ್ಕಿ ತೋಟಿಗೆ ಕೊಕ್ಕು ಹಚ್ಚಿ ಕುಡಿದು, ಎರಡು ಹಾರಿಕೆಯಷ್ಟು ದೂರ ಹೋಗಿ ಬಿತ್ತು. ರೂತವ್ವ ಅದನ್ನು ಅಂಗೈಯಲ್ಲಿ ಎತ್ತಿಕೊಂಡು, ಬಿಸಿಲು ತಾಗಿದೆ ಎಂದು ಅದರ ಬಾಯಿಗೆ ನನ್ನದೇ ನೀರು ಬಿಟ್ಟಳು. ಆಮೇಲೆ ಮೆಂತೆಯ ಪಾತಿಯ ಅಂಚಿಗೆ ಹೂಳಿದಳು.

ಯಾರಾದರೂ ಒಂದು ಕಾಯಿ ಕಚ್ಚಿ ನೋಡಿದ್ದರೆ ವಿಷಯ ಅಲ್ಲಿಗೇ ತಿಳಿಯುತ್ತಿತ್ತು. ಯಾರೂ ಕಚ್ಚಲಿಲ್ಲ. ಪ್ರಥಮಫಲ ದೇವರದು, ಹೊಸ ನೆಲದ ಮೊದಲ ಬೆಳೆಯನ್ನು ಸುಗ್ಗಿ ಹಬ್ಬದ ದಿನ ವೇದಿಕೆಯ ಮುಂದೆ ಇಟ್ಟು ಪ್ರಾರ್ಥಿಸುವವರೆಗೆ ಒಂದು ಎಲೆಯನ್ನೂ ಬಾಯಿಗೆ ಹಾಕುವಂತಿಲ್ಲ. ಆ ಸಭೆಯಲ್ಲಿ ಬೇರೆ ಬಹಳ ನಿಯಮಗಳು ಸಡಿಲವಾಗಿದ್ದವು. ಇದು ಮಾತ್ರ ಬಿಗಿಯಾಗಿತ್ತು.

ಹಬ್ಬದ ಹಿಂದಿನ ವಾರ ರೂತವ್ವ ಒಂದು ಎಳೆ ಸವತಿ ಕಿತ್ತಳು. ಸೆರಗಿನಲ್ಲಿ ಒರೆಸಿದಳು. ಬಾಯಿಯ ತನಕ ತಂದಳು. ಅವಳ ಹಲ್ಲು ಸಿಪ್ಪೆಗೆ ತಾಗಿತೋ ಇಲ್ಲವೋ, ಅಷ್ಟರಲ್ಲಿ ಗಕ್ಕನೆ ನಿಂತಳು. ಸುತ್ತ ನೋಡಿದಳು. ತನ್ನನ್ನು ಯಾರಾದರೂ ನೋಡಿದರೆ, ರೂತವ್ವ ಎಂಜಲು ಮಾಡಿದ್ದನ್ನು ವೇದಿಕೆಗೆ ತಂದಳು ಎನ್ನುತ್ತಾರೆಂದು ಅವಳಿಗೆ ಗೊತ್ತಿತ್ತು. ಆ ಕಾಯನ್ನು ತೊಳೆದು ಬುಟ್ಟಿಗೆ ಇಟ್ಟಳು. ತೊಳೆದದ್ದು ನನ್ನ ನೀರಿನಲ್ಲೇ.

ಹಬ್ಬದ ದಿನ ವೇದಿಕೆಯ ಮುಂದೆ ಜೋಳದ ತೆನೆ, ಕುಂಬಳಕಾಯಿ, ಬಾಳೆಗೊನೆಗಳ ನಡುವೆ ಅವಳ ಬುಟ್ಟಿಗಳನ್ನು ಇಟ್ಟಿದ್ದರಂತೆ. ನಾನಿದ್ದ ಹಿತ್ತಲಿಗೆ ಹಾಡು ಕೇಳಿಸುತ್ತಿತ್ತು. ಆಮೇಲೆ ಬುಟ್ಟಿಗಳು ಹಿಂದಕ್ಕೆ ಬಂದವು. ರೂತವ್ವ ಹೊಸ ಸೀರೆ ಉಟ್ಟು, ನನ್ನ ಕಟ್ಟೆಗೆ ಬೆನ್ನು ಕೊಟ್ಟು ಕೂತು ಪಚಡಿ ಮಾಡಿದಳು. ಸವತಿ ಹೆಚ್ಚಿ, ಹಸಿ ಮೆಂತೆ ಸಣ್ಣಗೆ ಕತ್ತರಿಸಿ, ಶೇಂಗಾ ಪುಡಿ, ಉಪ್ಪು, ಖಾರ ಕಲಸಿದಳು. ಈ ಸಲ ಯಾರೂ ಈಳಿಗೆಮಣೆ ಎಳೆದುಕೊಳ್ಳಲಿಲ್ಲ. ಸುಗುಣಾಬಾಯಿಯವರ ಅಣ್ಣ ದೇವಪುತ್ರಪ್ಪನವರಿಗೆ ಹಲ್ಲಿರಲಿಲ್ಲ. ಅವರ ಪಾಲಿನ ಸವತಿಯನ್ನು ಬೇರೆಯಾಗಿ ತುರಿದು, ಮೆತ್ತಗೆ ಕಿವುಚಿ ಇಟ್ಟಳು.

ಅಂಗಳದಲ್ಲಿ ಪಂಕ್ತಿ ಕೂತಿತು. ರೂತವ್ವ ಬೋಗುಣಿ ಹಿಡಿದು ಪಂಕ್ತಿಯುದ್ದಕ್ಕೂ ಬಡಿಸುತ್ತಾ ನಡೆದಳು. ಮೊದಲ ಎಲೆಗಳಿಗೆ ಸ್ವಲ್ಪ ಸ್ವಲ್ಪವೇ ಬಡಿಸಿದಳು. ದೇವಪುತ್ರಪ್ಪನವರು ತಿಂದು, ಎಲ್ಲರಿಗೂ ಕೇಳುವ ಹಾಗೆ, "ರೂತವ್ವ, ಇನ್ನಷ್ಟ ಹಾಕವಾ" ಎಂದರು. ಸುಗುಣಾಬಾಯಿ ಟೀಚರು ತಲೆ ತಗ್ಗಿಸಿ ತಿಂದರು. ಪಂಕ್ತಿಯ ಕೊನೆ ಮುಟ್ಟುವಾಗ ರೂತವ್ವನ ನಡಿಗೆಯೇ ಬದಲಾಗಿತ್ತು. ಬಡಿಸುವವರ ಊಟ ಕೊನೆಗೆ. ಅವಳು ಖಾಲಿ ಬೋಗುಣಿ ಹಿಡಿದುಕೊಂಡು ನನ್ನ ಹತ್ತಿರ ಬಂದು ನಿಂತಳು, ಒಂದು ಕೈ ನನ್ನ ತಲೆಯ ಮೇಲಿಟ್ಟು. ಆ ಕೈ ಬೆಚ್ಚಗಿತ್ತು.

ಆಮೇಲೆ ಅಂಗಳದಲ್ಲಿ ಒಂದು ಸ್ಟೀಲಿನ ಲೋಟ ಉರುಳಿದ ಸದ್ದು ಬಂತು.

ದೇವಪುತ್ರಪ್ಪನವರ ಬಾಯಿಯಿಂದ ಜೊಲ್ಲು ಇಳಿಯುತ್ತಿತ್ತು, ನಿಲ್ಲುತ್ತಿರಲಿಲ್ಲ. ಮೈಯೆಲ್ಲ ಬೆವರು. ಪಕ್ಕದವರು ಅವರನ್ನು ಹಿಡಿಯಲು ಎದ್ದು ತಾವೇ ವಾಂತಿ ಮಾಡಿಕೊಂಡರು. ಒಬ್ಬರ ಹಿಂದೆ ಒಬ್ಬರು ಹಿತ್ತಲಿಗೆ ಓಡಿ ಬಂದರು, ಏಕೆಂದರೆ ನೀರು ಇದ್ದದ್ದು ನನ್ನಲ್ಲಿ. ನನ್ನ ತೋಟಿ ತಿರುಗಿಸಿ ಮುಖ ತೊಳೆದರು, ಬಾಯಿ ಮುಕ್ಕಳಿಸಿದರು. ಕೆಲವರು ಬೊಗಸೆಯೊಡ್ಡಿ ಕುಡಿದರು. ರೂತವ್ವ ತಂಬಿಗೆ ತಂಬಿಗೆ ತುಂಬಿಕೊಂಡು ಅಂಗಳಕ್ಕೆ ಓಡುತ್ತಿದ್ದಳು. ನಾನು ಸುರಿಯುತ್ತಿದ್ದೆ. ನನಗೆ ಬರುವುದು ಅದೊಂದೇ.

ಉಳಿದವರೆಲ್ಲ ಆಸ್ಪತ್ರೆಯಿಂದ ಒಬ್ಬೊಬ್ಬರಾಗಿ ಮನೆಗೆ ಬಂದರು. ದೇವಪುತ್ರಪ್ಪನವರು ಬರಲಿಲ್ಲ.

ಇದು ಬೆಳೆಗೆ ಹಾಕುವ ವಿಷ, ಯಾವ ಔಷಧ ಹೊಡೆದಿರಿ ಎಂದು ವೈದ್ಯರು ಕೇಳಿದ್ದರು. ಆ ಒಂದು ಪ್ರಶ್ನೆ ಸಾಕಾಯಿತು. ತೋಟ ರೂತವ್ವನದು, ಕೈ ರೂತವ್ವನದು, ಉಣ್ಣದೆ ಉಳಿದವಳೂ ರೂತವ್ವ. ಪೊಲೀಸರು ಕರೆದೊಯ್ದು ದಿನವಿಡೀ ಕೂರಿಸಿ, ಹೊತ್ತು ಮುಳುಗುವಾಗ ಕಳಿಸಿದರು. ಅವಳ ಕೋಣೆಯಲ್ಲಿ ಏನೂ ಸಿಕ್ಕಿರಲಿಲ್ಲ. ಒಬ್ಬ ಅಧಿಕಾರಿ ಬಂದು ಎಲೆ, ಕಾಯಿ, ಮಣ್ಣು ಚೀಲಕ್ಕೆ ತುಂಬಿಕೊಂಡ. ನೀರಿನ ಮಾದರಿ ಬೇಕು ಎಂದ. ಅದೃಷ್ಟಕ್ಕೆ ಅವತ್ತು ನಳ ಬಂದಿತ್ತು. ಸಮಿತಿಯವರು ಅವನನ್ನು ಅಂಗಳದ ನಳಕ್ಕೆ ಕರೆದೊಯ್ದು ಹೊಸ ನೀರು ತುಂಬಿ ಕೊಟ್ಟರು. ಎಲೆಯಲ್ಲಿ ವಿಷವಿದೆ, ನೀರು ಶುದ್ಧ ಎಂದು ಆಮೇಲೆ ತಿಳಿದುಬಂತು. ಅಲ್ಲಿಗೆ ಎಲ್ಲರ ಅನುಮಾನ ಖಾತ್ರಿಯಾಯಿತು.

ಹಸಿರುಮನೆ ಕಿತ್ತುಹಾಕಲು ಸಮಿತಿಯವರು ಬಂದ ದಿನ ರೂತವ್ವನನ್ನು ಹಿತ್ತಲಿಗೇ ಕರೆಸಿದರು. ಬಾಟಲಿಯ ಗೋಡೆ ನೆಲಕ್ಕೆ ಬೀಳುತ್ತಿತ್ತು. ಸುಗುಣಾಬಾಯಿ ಟೀಚರು ಬಿಳಿ ಸೀರೆಯಲ್ಲಿದ್ದರು. ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅಳುವಷ್ಟು ದಣಿದಿದ್ದರು.

"ಏನ್ ಹೊಡದಿ ಹೇಳಿಬಿಡು ರೂತವ್ವ. ದೇವರು ಕ್ಷಮಾ ಮಾಡ್ತಾನ."

"ನಾ ಏನೂ ಹೊಡದಿಲ್ರಿ ಟೀಚರ್."

"ಹುಳ ಮುಟ್ಟಲಾರದ ಸವತಿ ಯಾವ ಊರಾಗ ಬೆಳೀತೈತಿ?"

"ಅವತ್ತ ನೀವ ಅಂದ್ರಿ, ದೇವರ ಕೃಪಾ ಅಂತ."

ಟೀಚರು ಕಿತ್ತ ಬಳ್ಳಿಯ ಕಡೆ ತಿರುಗಿದರು. ಕೊನೆಗೆ ಸಮಿತಿಯವರಲ್ಲಿ ಒಬ್ಬರು, ಒಪ್ಪಿಕೊಳ್ಳುವ ತನಕ ಪ್ರಭುವಿನ ಭೋಜನದ ಬಟ್ಟಲಿಗೆ ಬರಬೇಡ, ಕೋಣೆಯನ್ನೂ ಖಾಲಿ ಮಾಡು ಎಂದರು. ಕೋಣೆ ಬಿಡುತ್ತೇನೆ ಎಂದು ರೂತವ್ವ ತಲೆಯಾಡಿಸಿದಳು. ಒಪ್ಪಿಕೊಂಡಿದ್ದರೆ ಕೋಣೆ ಉಳಿಯುತ್ತಿತ್ತೋ ಏನೋ. ಅವಳು ಒಪ್ಪಿಕೊಳ್ಳಲಿಲ್ಲ.

ಎಲ್ಲರೂ ಹೋದ ಮೇಲೆ ಅಯ್ನೋರು ಉಳಿದರು. ಅವರಿಗೂ ಬೇರೆ ಊರಿಗೆ ವರ್ಗವಾಗಿತ್ತು. ಕಳಚಿದ ಪೈಪುಗಳನ್ನು ಸುಮ್ಮನೆ ಸುರುಳಿ ಸುತ್ತುತ್ತಾ ಕೂತಿದ್ದರು. ಅವಳ ಮುಖ ನೋಡದೆ, "ನನಗರ ಹೇಳ್ರಿ ರೂತವ್ವ. ಯಾರರ ಏನರ ತಂದು ಕೊಟ್ಟಿದ್ರೇನು?" ಎಂದರು.

"ನೀವೂ ಕೇಳಿದ್ರಿ," ಎಂದಳು ಅವಳು.

ಅಯ್ನೋರು ಪೈಪು ಕೆಳಗಿಟ್ಟರು. ಕಣ್ಣು ಒರೆಸಿಕೊಂಡು, ಹೋಗುವಾಗ ಇಲ್ಲಿಂದ ಏನಾದರೂ ತೆಗೆದುಕೊಂಡು ಹೋಗಿ, ನಿಮ್ಮ ದುಡಿಮೆ ಇಲ್ಲಿದೆ ಎಂದರು. ರೂತವ್ವ ಸುತ್ತ ನೋಡಿದಳು. ಕಿತ್ತ ಬಳ್ಳಿ, ಹರಿದ ಹಾಳೆ, ಬಾಟಲಿಯ ರಾಶಿ. ಆಮೇಲೆ ನನ್ನನ್ನು ತೋರಿಸಿದಳು. ಹೊಸ ಜಾಗದಲ್ಲಿ ನೀರು ಹಿಡಿಯಲು ಅವಳಿಗೆ ಒಂದು ಬ್ಯಾರಲ್ ಬೇಕಿತ್ತು. ಅಯ್ನೋರು ತಾವೇ ನನ್ನನ್ನು ಕಟ್ಟೆಯಿಂದ ಇಳಿಸಿ, ಗೇಟಿನ ತನಕ ಉರುಳಿಸಿಕೊಂಡು ಬಂದು ಟೆಂಪೊಗೆ ಹತ್ತಿಸಿದರು. ಈ ಊರಿನಲ್ಲಿ ಅವರ ಕೊನೆಯ ಕೆಲಸ ಅದೇ ಇರಬೇಕು.

ಟೆಂಪೊದಲ್ಲಿ ನನ್ನನ್ನು ಅಡ್ಡ ಮಲಗಿಸಿದ್ದರು. ಹೊಂಡದ ರಸ್ತೆ. ಪ್ರತಿ ಕುಲುಕಿಗೂ ತಳದ ಪದರ ಬಿರುಕು ಬಿಟ್ಟಿತು. ಇಷ್ಟು ಕಾಲ ಕಚ್ಚಿಕೊಂಡಿದ್ದದ್ದು ಹೆಂಟೆ ಹೆಂಟೆಯಾಗಿ ಎದ್ದು ನನ್ನೊಳಗೆ ಅತ್ತಿತ್ತ ಉರುಳುತ್ತಿತ್ತು. ಬಂದಿಳಿದ ಮೇಲೆ ಅವಳು ಎರಡು ಸಲ ನೀರು ಸುರಿದು ಚೆಲ್ಲಿದಳು. ಹೆಂಟೆಗಳಿಗಿಂತ ನನ್ನ ಬಾಯಿ ಸಣ್ಣದು.

ಈಗ ನಾನಿರುವುದು ಊರಿನ ಆಚೆ ತುದಿಯ ಕಾಲೊನಿಯಲ್ಲಿ, ತಗಡಿನ ಛಾವಣಿಯ ಒಂದು ಕೋಣೆಯ ಬಾಗಿಲಿನ ಪಕ್ಕ. ಬಿಸಿಲಿಗೆ ನನ್ನ ನೀಲಿ ಬಿಳುಚಿದೆ. ಭುಜದ ಹತ್ತಿರ ಸಣ್ಣ ಗೆರೆಗಳು ಬಿದ್ದಿವೆ. ಇಲ್ಲಿ ಯಾರಿಗೂ ರೂತವ್ವನ ಸುದ್ದಿ ಗೊತ್ತಿಲ್ಲ. ಅವಳು ಹೇಳಿಲ್ಲ. ಯಾರ ಮನೆಗೂ ಹೋಗುವುದಿಲ್ಲ; ಯಾರಿಗೂ ಒಂದು ಚಹ ಕೂಡ ಕೊಡುವುದಿಲ್ಲ. ಒಮ್ಮೆ ಪಕ್ಕದ ಮನೆಯವರು ಒಂದು ಬಟ್ಟಲು ಪಲ್ಯ ಕೊಟ್ಟಾಗ ಬಟ್ಟಲನ್ನು ತೊಳೆದು ಖಾಲಿಯಾಗಿಯೇ ಹಿಂದಿರುಗಿಸಿದಳು. ಅವರಿಗೆ ಸ್ವಲ್ಪ ಬೇಸರವಾಯಿತು.

ನನ್ನ ಬಗ್ಗೆ ನಾನು ಯೋಚಿಸಿದ್ದೇನೆ. ಯೋಚಿಸಲು ನನಗೆ ಖಾಲಿ ದಿನಗಳು ಬಹಳ. ಸುರಿದದ್ದನ್ನು ಹಿಡಿದಿಡುವುದಕ್ಕೆ ನನ್ನನ್ನು ಮಾಡಿದರು. ವಿಷವನ್ನು ನಿಷ್ಠೆಯಿಂದ ಹಿಡಿದಿಟ್ಟೆ, ನೀರನ್ನೂ ಅಷ್ಟೇ ನಿಷ್ಠೆಯಿಂದ. ನನ್ನೊಳಗೆ ಏನಿದೆ ಎಂದು ಹೇಳುವ ಕೆಲಸವನ್ನು ಒಂದು ಚೀಟಿಗೆ ವಹಿಸಿದ್ದರು. ಆ ಚೀಟಿ ಹೋದ ಮೇಲೆ ಜನರು ಆ ಕೆಲಸವನ್ನು ಒಬ್ಬ ಹೆಂಗಸಿನ ಮೇಲೆ ಹಾಕಿದರು. ಅವಳ ಕೈ, ಅವಳ ಅಪ್ಪ, ಅವಳ ಅಜ್ಜ ಅವರಿಗೆ ಮೊದಲೇ ಗೊತ್ತಿದ್ದುದರಿಂದ ಬ್ಯಾರಲ್ಲಿನ ಒಳಗೆ ಇಣುಕುವ ಅಗತ್ಯ ಯಾರಿಗೂ ಬೀಳಲಿಲ್ಲ.

ಹೋದ ಸಲ ನಳ ಬಂದಾಗ ರೂತವ್ವ ನನ್ನನ್ನು ಕಂಠದವರೆಗೆ ತುಂಬಿದಳು. ತನ್ನ ಬಳಕೆಗೆ ಕೊಡಗಳ ಒಂದು ಸಾಲು ಬೇರೆ ಇತ್ತು, ಒಬ್ಬಳಿಗೆ ಅದೇ ಸಾಕಾಗುತ್ತಿತ್ತು; ನನ್ನ ನೀರನ್ನು ಅವಳು ಇನ್ನೂ ಮುಟ್ಟಿರಲಿಲ್ಲ. ನಾನು ಮುಚ್ಚಳ ಹಾಕಿಕೊಂಡು ನಿಂತಿದ್ದೆ. ಆಮೇಲೆ ಎಲ್ಲೋ ದೊಡ್ಡ ಪೈಪು ಒಡೆಯಿತೆಂದು ಸುದ್ದಿ. ಎರಡು ವಾರ ಮೂರಾಯಿತು, ಮೂರು ನಾಲ್ಕಾಯಿತು. ಓಣಿಯ ಬ್ಯಾರಲ್ಲುಗಳೆಲ್ಲ ಬಡಿದರೆ ಟೊಣ್ ಎನ್ನತೊಡಗಿದವು. ತುಂಬಿದ್ದವನು ನಾನೊಬ್ಬನೇ.

ಈ ಬೆಳಿಗ್ಗೆ ಪಕ್ಕದ ಮನೆಯ ಹೆಂಗಸು ಕೊಡ ಹಿಡಿದು ಬಾಗಿಲಲ್ಲಿ ನಿಂತಳು. ಅವಳ ಹಿಂದೆ ಇನ್ನಿಬ್ಬರು, ಅವರ ಹಿಂದೆ ಮತ್ತೊಬ್ಬರು. ಕೇಳಲು ನಾಚಿಕೆಪಡುತ್ತಿದ್ದರು.

"ಯಕ್ಕಾ, ಮನ್ಯಾಗ ಕುಡ್ಯಾಕ ಹನಿ ನೀರಿಲ್ಲ. ನಿಮ್ಮ ಬ್ಯಾರಲ್ ತುಂಬೈತಿ ಅಂತ ಬಂದೀವಿ."

ರೂತವ್ವ ತಕ್ಷಣ ಏಳಲಿಲ್ಲ. "ನನ್ನ ಮನಿ ನೀರು ನಡೀತೈತೇನು ನಿಮಗ?" ಎಂದು ಕೇಳಿದಳು.

"ಅದ್ಯಾಕ ಹಂಗ ಕೇಳ್ತೀರಿ? ನೀರಿಗೇನ್ರಿ. ನೀವ ನಿಮ್ಮ ಕೈಲೆ ಹಾಕ್ರಿ."

ಅವಳು ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಚರ್ಚು ಬಿಟ್ಟ ಮೇಲೆ ಅವಳ ಮುಖ ಹೀಗೆ ಸಡಿಲಾದದ್ದನ್ನು ನಾನು ನೋಡಿರಲಿಲ್ಲ. ಮೊದಲನೆಯ ಕೊಡವನ್ನು ತಾನೇ ಇಸಿದುಕೊಂಡು ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ನನ್ನ ತೋಟಿ ತಿರುಗಿಸಿದಳು. ಸಾಲು ಓಣಿಯ ಮೂಲೆಯವರೆಗೆ ಬೆಳೆದಿತ್ತು. ಹಿಂದಿನವರಿಗೆ ಸಾಲುವುದಿಲ್ಲವೇನೋ ಎಂದು ಯಾರೋ ಗೊಣಗಿದರು. ಅವಳು ತಲೆಯೆತ್ತಿ, ಅವಸರ ಬೇಡ, ಎಲ್ಲರಿಗೂ ಕೊಡುತ್ತೇನೆ ಎಂದಳು. ನಾನು ಸುರಿಯುತ್ತಿದ್ದೆ.